ಆ್ಯಂಟೆನಾದ ಇನ್ನರ್ಧ ಎಲ್ಲಿದೆ?

ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಆ್ಯಂಟೆನಾಕ್ಕೆ ನೆಲದಲ್ಲಿ ತಂತಿ ಹಾಸಲೇಬೇಕೆ? ಹ್ಯಾಮ್ ರೇಡಿಯೊದವರ ನಡುವೆ ಇದು ಮುಗಿಯದ ತಕರಾರು. ವರ್ಟಿಕಲ್ ಹಾಕುವುದೇ ಜಾಗ ಉಳಿಸಲು. ಅದರ ಬುಡದಲ್ಲಿ ಮತ್ತೆ ಹತ್ತಾರು ತಂತಿ ಹರಡಿ ಎಂದರೆ ಯಾರಿಗೆ ತಾನೆ ರುಚಿಸೀತು?

40 ಮೀಟರ್ ಬ್ಯಾಂಡಿನ ಕ್ವಾರ್ಟರ್ ವೇವ್ (ಕಾಲು ತರಂಗಾಂತರ ಉದ್ದದ) ವರ್ಟಿಕಲ್ ಸುಮಾರು 10 ಮೀಟರ್ ಎತ್ತರ. ಅದು ಅರ್ಧ ಆ್ಯಂಟೆನಾ ಅಷ್ಟೆ. ಕಂಬಕ್ಕೆ ಹೋದಷ್ಟೇ ಕರೆಂಟು ಕೇಬಲ್ಲಿನ ಇನ್ನೊಂದು ವಾಹಕಕ್ಕೆ ಮರಳಬೇಕು. ಬುಡದಿಂದ ಸುತ್ತಲೂ ಹರಡುವ ಈ ತಂತಿಗಳು, ಅಂದರೆ ರೇಡಿಯಲ್, ಇಲ್ಲದಿದ್ದರೆ ಅದು ಮಣ್ಣನ್ನು ಬಿಸಿ ಮಾಡುತ್ತ ಮರಳುತ್ತದೆ. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಇದೆಯಲ್ಲ ಎನ್ನುತ್ತಾರೆ. ಶಾಕ್, ಸಿಡಿಲಿನ ರಕ್ಷಣೆಗೆ ಅದು ಬೇಕೇ ಬೇಕು. ಆದರೆ ರೇಡಿಯೊ ಕರೆಂಟು ಸುತ್ತಲಿನ ಮೇಲ್ಮಣ್ಣಿನಲ್ಲಿ ಎಲ್ಲ ದಿಕ್ಕಿನಿಂದಲೂ ಬರುವಂಥದ್ದು. ಒಂಟಿ ರಾಡಿನ ಕೈಗೆ ಸಿಗದು.

ಮೋಸ ಮಾಡುವುದು, ಆ್ಯಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರು. ಒಳ್ಳೆಯ ನೆಲವಿದ್ದರೆ ಈ ಕಂಬದ ರೋಧ ಸುಮಾರು 36 ಓಮ್. ಮಣ್ಣು ತನ್ನದೊಂದು 14 ಓಮ್ ಸೇರಿಸಿದರೆ 50 ಆಯಿತು, ಕೇಬಲ್ಲಿಗೆ ಹೇಳಿ ಮಾಡಿಸಿದ ಜೋಡಿ. ಮುಳ್ಳು 1:1ರಲ್ಲಿ ನಿಲ್ಲುತ್ತದೆ. 100 ವಾಟಿನಲ್ಲಿ 28 ವಾಟ್ ಅಕ್ಷರಶಃ ಮಣ್ಣುಪಾಲು. ರೇಡಿಯಲ್ ಹಾಸುತ್ತ ಹೋದರೆ ಮುಳ್ಳು 1.4ರತ್ತ ಏರುತ್ತದೆ, ಸಿಗ್ನಲ್ ಮಾತ್ರ ಜೋರಾಗುತ್ತದೆ. ಏನೋ ಕೆಟ್ಟಿತೆಂದು ತಂತಿ ಸುತ್ತಿಟ್ಟವರೂ ಇದ್ದಾರು.

1937ರಲ್ಲಿ ಅಮೆರಿಕದ ಆರ್‌ಸಿಎ ಎಂಜಿನಿಯರುಗಳಾದ ಬ್ರೌನ್, ಲೂಯಿಸ್, ಎಪ್‌ಸ್ಟೀನ್ 113 ರೇಡಿಯಲ್‌ವರೆಗೆ ಹೂತು ಅಳೆದರು. ಅಲ್ಲಿನ ಪ್ರಸಾರ ಕೇಂದ್ರಗಳ 120 ರೇಡಿಯಲ್ ಲೆಕ್ಕದ ಹಿಂದೆ ಇದೇ ಪ್ರಯೋಗವಿದೆ. ಹವ್ಯಾಸಿಗೆ ಅಷ್ಟು ಬೇಡ. ಮೊದಲ ಹದಿನಾರರಲ್ಲೇ ಬಹುಪಾಲು ಲಾಭ ಬಂದಿರುತ್ತದೆ. 32 ದಾಟಿದರೆ ಲಾಭಕ್ಕಿಂತ ತಾಮ್ರದ ಬಿಲ್ಲೇ ದೊಡ್ಡದು. ಹೂಳಬೇಕೆಂದೂ ಇಲ್ಲ, ಹುಲ್ಲಿನ ಮೇಲೆ ಎಳೆದರಾಯಿತು.

ತಾರಸಿಯ ಮೇಲೆ ಎತ್ತರದಲ್ಲಿ ಕಟ್ಟುವುದಾದರೆ ಕ್ವಾರ್ಟರ್ ವೇವ್ ಉದ್ದದ ನಾಲ್ಕೇ ತಂತಿ ಸಾಕು. ಬೆಂಗಳೂರಿನ 30-40 ಸೈಟಿನ ಮನೆಯಲ್ಲಿ ನಾಲ್ಕು ದಿಕ್ಕಿಗೂ 10 ಮೀಟರ್ ತಂತಿ ಹಿಡಿಸುವುದಿಲ್ಲ. 20 ಮೀಟರ್ ಬ್ಯಾಂಡಿನ 5 ಮೀಟರ್ ತಂತಿಯನ್ನಾದರೆ ಓರೆಯಾಗಿ ಎಳೆಯಬಹುದು. ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಬಟ್ಟೆ ಒಣಹಾಕಲು ಬರುವವರ ಕೈಗೆ ಎಟುಕಬಾರದು.

‘ರೇಡಿಯಲ್ ಬೇಡ’ ಎಂಬ ಹಾಫ್ ವೇವ್ (ಅರ್ಧ ತರಂಗಾಂತರದ) ವರ್ಟಿಕಲ್ ಜಾಹೀರಾತು ಪೂರ್ತಿ ಸುಳ್ಳಲ್ಲ. ಆ ಕಂಬದ ಬುಡದಲ್ಲಿ ಕರೆಂಟು ತೀರ ಕಡಿಮೆ, ತುಂಡು ತಂತಿ ಸಾಕು. ಅದನ್ನೂ ಕೊಡದಿದ್ದರೆ ಕೇಬಲ್ಲಿನ ಹೊರಮೈಯೇ ಆ ಕೆಲಸಕ್ಕೆ ನಿಲ್ಲುತ್ತದೆ. ಮಾತಾಡುವಾಗ ಮೈಕು ತಾಗಿ ತುಟಿ ಚುರ್ ಎಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ದೂರದ ನೆಲವನ್ನಂತೂ ಯಾವ ರೇಡಿಯಲ್ಲೂ ಬದಲಿಸಲಾರದು. ದಿಗಂತದತ್ತ ತಗ್ಗಿನಲ್ಲಿ ಹೊರಡುವ ಸಿಗ್ನಲನ್ನು ಬಯಲುಸೀಮೆಯ ಒಣ ಮಣ್ಣು ನುಂಗುತ್ತದೆ. ಮಲ್ಪೆಯ ಕಡಲಂಚಿನಲ್ಲಿ ಅದೇ ಕಂಬ ನಿಲ್ಲಿಸಿದರೆ ಉಪ್ಪುನೀರು ಆ ಸಿಗ್ನಲನ್ನು ಬಹುಪಾಲು ಹಾಗೆಯೇ ದಾಟಿಸುತ್ತದೆ.