ಕಥೆ ಮತ್ತು ಪ್ರಯೋಗ: ಚೀನೀ ಚೆಂಗ್ಯು ಕಲಿಕೆ ಹಾಗೂ ‘ವಾತಾಪಿ ಜೀರ್ಣೋ ಭವ’

ಚೀನೀ ಭಾಷೆಯ ಚೆಂಗ್ಯು ಎಂಬ ನುಡಿಗಟ್ಟುಗಳು ಬಹುಪಾಲು ನಾಲ್ಕು ಅಕ್ಷರಗಳವು. ಅವುಗಳ ವ್ಯಾಕರಣ ಪ್ರಾಚೀನ ಗ್ರಾಂಥಿಕ ಚೀನಿಯದು, ಬಳಕೆ ಇಂದಿನದು. ಅನೇಕವುಗಳ ಹಿಂದೆ ಒಂದೊಂದು ಕಥೆಯಿರುವುದರಿಂದ ಕಥೆ ಹೇಳಿ ಅರ್ಥ ತಿಳಿಸುವ ಬೋಧನಕ್ರಮ ಸಾಮಾನ್ಯ. ನೆನಪಿಗೆ ಅದು ಅನುಕೂಲವೇ. ಆದರೆ ಕಥೆಯೇ ಅರ್ಥವನ್ನು ನಿರ್ಣಯಿಸುತ್ತದೆಯೆಂದು ಭಾವಿಸಲಾಗದು.

‘ಶೌ ಜು ದಾಯ್ ಥು’ ಎಂಬುದನ್ನು ನೋಡಬಹುದು. ಘಟಕಪದಗಳ ಅರ್ಥ ಕ್ರಮವಾಗಿ ಕಾಯು, ಬೊಡ್ಡೆ, ನಿರೀಕ್ಷಿಸು, ಮೊಲ. ಸುಂಗ್ ರಾಜ್ಯದ ರೈತನೊಬ್ಬನ ಹೊಲದಲ್ಲಿ ಓಡಿಬಂದ ಮೊಲವೊಂದು ಮರದ ಬೊಡ್ಡೆಗೆ ಬಡಿದು ಕತ್ತು ಮುರಿದು ಸತ್ತಿತು. ಆತ ಉಳುಮೆ ಬಿಟ್ಟು, ಇನ್ನೊಂದು ಮೊಲ ಬಂದೀತೆಂದು ಬೊಡ್ಡೆ ಕಾಯುತ್ತ ಕುಳಿತ. ಕ್ರಿ.ಪೂ. 3ನೆಯ ಶತಮಾನದ ಹಾನ್ ಫೆಯ್ ಈ ಕಥೆಯನ್ನು ಹೇಳಿದ್ದು ಸೋಮಾರಿಗಳನ್ನು ಹಳಿಯಲೆಂದಲ್ಲ. ಹಿಂದಿನ ಅರಸರ ನೀತಿಯಿಂದ ತಮ್ಮ ಕಾಲದ ಪ್ರಜೆಗಳನ್ನು ಆಳಹೊರಟವರನ್ನು ಟೀಕಿಸಲೆಂದು. ಇಂದಿನ ಬಳಕೆಯಲ್ಲಿ ಉಳಿದಿರುವುದು ದುಡಿಯದೆ ಅದೃಷ್ಟಕ್ಕೆ ಕಾಯುವವನ ಚಿತ್ರ ಮಾತ್ರ.

ಇಂಥದೇ ಪಲ್ಲಟ ಕನ್ನಡದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಗಸ್ತ್ಯನು ಇಲ್ವಲ-ವಾತಾಪಿಗಳನ್ನು ಕೊನೆಗಾಣಿಸಿದ್ದು ಬಾದಾಮಿಯ ಬಳಿಯ ಮಹಾಕೂಟದ ಪರಿಸರದಲ್ಲಿ ಎಂಬುದು ಸ್ಥಳೀಯ ಐತಿಹ್ಯ. ಬಾದಾಮಿಯ ಹಳೆಯ ಹೆಸರೇ ವಾತಾಪಿ. (ಮಹಾಭಾರತದ ಆರಣ್ಯಕಪರ್ವ ಇಲ್ವಲನ ಊರನ್ನು ಮಣಿಮತಿ ಎನ್ನುತ್ತದೆ, ಐತಿಹ್ಯಕ್ಕೆ ಅದರ ಹಂಗಿಲ್ಲ.) ಟಗರಿನ ಅಡುಗೆಯಾಗಿ ಅತಿಥಿಯ ಹೊಟ್ಟೆ ಸೇರಿ, ಅಣ್ಣ ಕರೆದೊಡನೆ ಅದನ್ನು ಸೀಳಿ ಹೊರಬರುತ್ತಿದ್ದ ವಾತಾಪಿ ಅಗಸ್ತ್ಯನ ಹೊಟ್ಟೆಯಲ್ಲಿ ಅರಗಿಹೋದ.

‘ಜೀರ್ಣೋ ಭವ’ ಎಂಬಲ್ಲಿ ಸಂಸ್ಕೃತದ ವಿಸರ್ಗಸಂಧಿಯೂ ಮಧ್ಯಮಪುರುಷ ಏಕವಚನದ ಕ್ರಿಯಾರೂಪವೂ ಹಾಗೆಯೇ ಉಳಿದಿವೆ. ಆದರೆ ಸಂಬೋಧನೆಯಲ್ಲಿ ‘ವಾತಾಪೇ’ ಎಂದಾಗಬೇಕಿದ್ದ ಹೆಸರು ಕನ್ನಡಿಗರ ಬಾಯಲ್ಲಿ ‘ವಾತಾಪಿ’ಯಾಗಿಯೇ ನಿಂತಿದೆ. ಚೆಂಗ್ಯುವಿನಂತೆ ಇದೂ ಬಿಡಿಸಿ ನೋಡುವ ವಾಕ್ಯವಲ್ಲ, ಇಡಿಯಾಗಿ ಎತ್ತಿಕೊಳ್ಳುವ ಘಟಕ. ‘ಬಂದ ಅನುದಾನವೆಲ್ಲ ವಾತಾಪಿ ಜೀರ್ಣೋ ಭವ ಆಯಿತು’ ಎನ್ನುವಾಗ ಯಾರೂ ವಾತಾಪಿಯನ್ನು ಕರೆಯುತ್ತಿಲ್ಲ. ಆಜ್ಞೆಯ ಅರ್ಥ ಪೂರ್ತಿ ಅಳಿದಿದೆ.

ಗಮನಿಸಬೇಕಾದದ್ದು ಪಾತ್ರಗಳ ಅದಲುಬದಲು. ಕಥೆಯಲ್ಲಿ ಅರಗಿಸಿಕೊಂಡವನು ರಕ್ಷಕ, ಅರಗಿದವನು ದುಷ್ಟ. ಅನುದಾನದ ವಾಕ್ಯದಲ್ಲಿ ಅರಗಿಸಿಕೊಂಡವನೇ ಅಪರಾಧಿ. ಮಗುವಿಗೆ ಉಣಿಸಿ ಹೊಟ್ಟೆ ಸವರುತ್ತ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಎನ್ನುವ ಅಜ್ಜಿಯ ಹಾರೈಕೆಯಲ್ಲಿ ಅಪರಾಧಿಯೂ ಇಲ್ಲ, ದುಷ್ಟನೂ ಇಲ್ಲ. ಮೂರಕ್ಕೂ ಸಮಾನವಾದದ್ದು ಒಂದೇ: ಒಳಹೋದದ್ದು ಮರಳಿ ಬಾರದು. ಕಥೆಯನ್ನು ಬಲ್ಲ, ಆದರೆ ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವವನು ಔತಣವಿತ್ತ ಅಧಿಕಾರಿಯ ಎದುರು ಮೆಚ್ಚುಗೆಯೆಂದು ಈ ಮಾತನ್ನಾಡಿದರೆ ಆಗುವ ಮುಜುಗರವನ್ನು ಊಹಿಸಿಕೊಳ್ಳಬಹುದು.

ಕಥೆ ಎರಡೂ ಕಡೆ ಒಂದೇ ಆಗಿದ್ದರೂ ತೊಡಕು ತಪ್ಪದು. ‘ಮಾಂಗ್ ರೆನ್ ಮೋ ಶಿಯಾಂಗ್’ ಎಂಬುದು ಬೌದ್ಧ ಗ್ರಂಥಗಳ ಮೂಲಕ ಚೀನಾ ಸೇರಿದ ನಮ್ಮ ಅಂಧಗಜನ್ಯಾಯವೇ. ಕನ್ನಡದಲ್ಲಿ ಅದು ನಾಮಪದ. ಚೀನಿಯಲ್ಲಿ ಕರ್ತೃವಿನ ಮುಂದೆ ನೇರವಾಗಿ ಆಖ್ಯಾತವಾಗಿ ನಿಲ್ಲಬಲ್ಲದು. ಆದುದರಿಂದ ಕನ್ನಡಿಗರಿಗಾಗಿ ರಚಿಸುವ ಚೆಂಗ್ಯು ಕೋಶದ ಪ್ರತಿ ನಮೂದಿನಲ್ಲಿ ಮೊದಲು ಪ್ರಯೋಗವಾಕ್ಯ, ಬಳಿಕ ಆಡುವವರ ಧೋರಣೆ, ಕೊನೆಯಲ್ಲಿ ಕಥೆ ಬರುವುದು ಉಚಿತ.