ರೋಶನಾರಾ ಮನೆಯ ಹಿರಿಯರು
ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ದೀರ್ಘ ಬಾಳು

ಮಲಾಡಿನ ಕನ್ನಡಿಗರಿಗೆ ಸೈನಿಕನು ಅಪರಿಚಿತನಲ್ಲ. ಪೂರ್ವಕ್ಕೆ ಕಾಂದಿವಲಿಯ ಕಡೆಗೆ ಹಬ್ಬಿರುವ ಭೂಸೇನೆಯ ಕೇಂದ್ರ ಉಗ್ರಾಣ, ಪಶ್ಚಿಮಕ್ಕೆ ಮಾರ್ವೆಯ ಕಡಲದಂಡೆಯ ಬಳಿ ನೌಕಾದಳದ 'ಹಮ್ಲಾ' ಶಿಕ್ಷಣ ಕೇಂದ್ರ, ಇವೆರಡರ ನಡುವೆ ನಮ್ಮವರ ಹೋಟೆಲುಗಳು. ಸಮವಸ್ತ್ರಧಾರಿಗಳಿಗೆ ಚಹಾ ತಿಂಡಿ ನೀಡಿದ ಕೈಗಳು ನಮ್ಮ ವಾಚಕರಲ್ಲಿ ಅನೇಕರವು. ಆದರೆ ಆ ಸಮವಸ್ತ್ರವನ್ನು ಕಳಚಿಟ್ಟ ಮೇಲೆ ಸೈನಿಕನು ಊರಿಗೆ ಹೋಗಿ ಹೇಗೆ ಬಾಳುತ್ತಾನೆ, ಮನೆಯಲ್ಲಿ ಎಂತಹ ತಂದೆಯಾಗಿರುತ್ತಾನೆ ಎಂದು ನಾವು ವಿಚಾರಿಸುವುದು ವಿರಳ.

ಪ್ರತಿ ವರ್ಷವೂ ಜನವರಿ 15ರಂದು ದೇಶವು ಭೂಸೇನಾ ದಿನವನ್ನು ಆಚರಿಸುತ್ತದೆ. 1949ರಲ್ಲಿ ಅದೇ ದಿನ ಬ್ರಿಟಿಷ್ ಸೇನಾಪತಿ ಸರ್ ರಾಯ್ ಬುಚರ್ ಅವರಿಂದ ಭಾರತೀಯನೊಬ್ಬನು ಮೊತ್ತಮೊದಲಿಗೆ ಸೇನೆಯ ಸರ್ವಾಧಿಪತ್ಯವನ್ನು ವಹಿಸಿಕೊಂಡನು. ಆತನೇ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ. ಅವರ ಪದವಿಗಳ ಪಟ್ಟಿಯನ್ನು ಬಲ್ಲವರು ಬಹಳ ಮಂದಿ. ಅವರ ಗೃಹಜೀವನವನ್ನು ಬಲ್ಲವರು ಕಡಿಮೆ. ನಮಗಾದರೋ, ಆ ಎರಡನೆಯದರಲ್ಲಿಯೇ ಕಲಿಯಬೇಕಾದುದು ಹೆಚ್ಚೆಂದು ತೋರುತ್ತದೆ.

ಶನಿವಾರಸಂತೆಯಿಂದ ಮುಂಬಯಿಗೆ

ಕಾರ್ಯಪ್ಪನವರು ಜನಿಸಿದುದು 1899ನೆಯ ಇಸವಿ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಮನೆಯವರು ಹುಡುಗನನ್ನು ಕರೆಯುತ್ತಿದ್ದುದು 'ಚಿಮ್ಮ' ಎಂದು. ಮಡಿಕೇರಿಯಲ್ಲಿ ಪ್ರೌಢಶಾಲೆ, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಮೊದಲನೆಯ ಮಹಾಯುದ್ಧವು ಮುಗಿದಾಗ ಭಾರತೀಯರಿಗೂ ರಾಜಾಜ್ಞೆಯ ಅಧಿಕಾರ ಪದವಿಗಳನ್ನು ಕೊಡಬೇಕೆಂದು ಸರಕಾರವು ನಿರ್ಧರಿಸಿ, ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿಯನ್ನು ಆರಂಭಿಸಿತು. 1919ರ ಆ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು.

ತರುಣ ಅಧಿಕಾರಿಯಾಗಿ ಅವರು ಮೊದಲು ಸೇರಿದುದು ಮುಂಬಯಿಯಲ್ಲಿದ್ದ 88ನೆಯ ಕಾರ್ನಾಟಿಕ್ ಪದಾತಿ ದಳವನ್ನು. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದಿಳಿದ ನಮ್ಮ ಹಿರಿಯರಂತೆ ಆ ಕೊಡಗಿನ ಯುವಕನೂ ಉದ್ಯೋಗದ ಮೊದಲ ಹೆಜ್ಜೆಯನ್ನಿಟ್ಟುದು ಇಲ್ಲಿಯೇ ಎಂಬುದನ್ನು ಮುಂಬಯಿ ಕನ್ನಡಿಗರು ನೆನಪಿಡತಕ್ಕದ್ದು. ಮುಂದೆ ಮೆಸೊಪೊಟೇಮಿಯಾ, ವಝೀರಿಸ್ತಾನದ ಗುಡ್ಡಗಳು. 1933ರಲ್ಲಿ ಕ್ವೆಟ್ಟಾದ ಸೇನಾ ಮಹಾವಿದ್ಯಾಲಯಕ್ಕೆ ಪ್ರವೇಶ ಪಡೆದ ಪ್ರಥಮ ಭಾರತೀಯ ಅಧಿಕಾರಿಯೆಂಬ ಗೌರವ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್, ಬರ್ಮಾಗಳನ್ನು ಅವರು ಕಂಡರು. ದಳವೊಂದರ ಅಧಿಪತ್ಯವು ದೊರೆತ ಮೊದಲ ಭಾರತೀಯರೂ ಅವರೇ ಆದರು.

1948ರ ಕಾಶ್ಮೀರ ಯುದ್ಧದಲ್ಲಿ ಪಶ್ಚಿಮ ವಿಭಾಗದ ಹೊಣೆಯು ಅವರದಾಗಿತ್ತು. ಅದೇ ಕೊಡಂದೇರ ಮನೆತನದ ಜನರಲ್ ತಿಮ್ಮಯ್ಯನವರು ಅವರ ಕೈಕೆಳಗೆ ರಣರಂಗದಲ್ಲಿದ್ದರು. ಹನ್ನೊಂದು ಸಾವಿರ ಅಡಿಗೂ ಮಿಕ್ಕಿದ ಎತ್ತರದ ಜೋಜಿಲಾ ಕಣಿವೆಗೆ 1948ರ ನವೆಂಬರದಲ್ಲಿ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಸಾಹಸವು ಆಗಿನದು. ಎರಡು ತಿಂಗಳಲ್ಲಿಯೇ ಕಾರ್ಯಪ್ಪನವರು ಮಹಾದಂಡನಾಯಕರಾದರು.

ಮನೆಯ ಭಾರ

ಹೊರಗೆ ಈ ಏರಿಕೆ ನಡೆದಿರುವಾಗ ಮನೆಯೊಳಗಿನ ಕಥೆ ಬೇರೆಯಾಗಿತ್ತು. 1937ರಲ್ಲಿ ಅರಣ್ಯಾಧಿಕಾರಿಯೊಬ್ಬರ ಪುತ್ರಿಯೊಡನೆ ಅವರ ವಿವಾಹವಾಗಿತ್ತು. ವರನಿಗಿಂತ ವಧುವು ಬಹಳ ಕಿರಿಯಳು. 1938ರ ಜನವರಿಯಲ್ಲಿ ಮಗ ನಂದಾ, 1943ರ ಫೆಬ್ರುವರಿಯಲ್ಲಿ ಮಗಳು ನಳಿನಿ ಹುಟ್ಟಿದರು. ದಾಂಪತ್ಯವು ಬಾಳಲಿಲ್ಲ. 1945ರಲ್ಲಿ ಪತಿಪತ್ನಿಯರು ಅಗಲಿದರು. ಮೂರು ವರ್ಷಗಳ ತರುವಾಯ ಆ ತಾಯಿ ಅಪಘಾತವೊಂದರಲ್ಲಿ ತೀರಿಕೊಂಡರು. ಯಾರು ಸರಿ ಯಾರು ತಪ್ಪು ಎಂದು ತೂಗುವುದು ನಮ್ಮ ಕೆಲಸವಲ್ಲ. ದೇಶದ ಸೇನೆಯನ್ನು ಇಬ್ಭಾಗ ಮಾಡುವ ವಿಭಜನೆಯ ದಿನಗಳಲ್ಲಿ, ಕಾಶ್ಮೀರದ ಯುದ್ಧದ ದಿನಗಳಲ್ಲಿ, ಆ ಅಧಿಕಾರಿಯ ಮನೆಯಲ್ಲಿ ಎರಡು ಎಳೆಯ ಮಕ್ಕಳು ತಂದೆಯೊಬ್ಬನನ್ನೇ ನೆಚ್ಚಿಕೊಂಡಿದ್ದುವೆಂಬುದನ್ನು ಮಾತ್ರ ಹೇಳಬೇಕು.

ಅಂತಹ ಮಕ್ಕಳ ಮೇಲೆ ತಂದೆಯ ಮಮತೆ ಇಮ್ಮಡಿಯಾಗುವುದು ಸಹಜ. ಮಮತೆಯೊಡನೆ ಸಲುಗೆಯೂ ಬರುವುದು ಸಹಜ. ಕಾರ್ಯಪ್ಪನವರು ಮೊದಲನೆಯದನ್ನು ಇರಗೊಟ್ಟು ಎರಡನೆಯದನ್ನು ತಡೆದರು. ತಂದೆಯ ಜೀವನಚರಿತ್ರೆಯನ್ನು ಬರೆದ ನಂದಾ ಅವರು ಹೇಳುತ್ತಿದ್ದ ಸಂಗತಿಯೊಂದಿದೆ. ದಿಲ್ಲಿಯಲ್ಲಿ ಸೇನಾಧಿಕಾರಿಗಳ ಮಕ್ಕಳೆಲ್ಲ ಸೇನೆಯ ಲಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರು. ಸೇನಾಪತಿಯ ಮಕ್ಕಳೂ ಅದರಲ್ಲಿಯೇ. ಒಂದು ದಿನ ಲಾರಿಯು ಬರಲಿಲ್ಲ. ಆಪ್ತ ಅಧಿಕಾರಿಯು ಮಕ್ಕಳನ್ನು ಸರಕಾರಿ ಕಾರಿನಲ್ಲಿ ಕಳುಹಿಸಿದನು. ಸಂಗತಿ ತಿಳಿದಾಗ ತಂದೆಯು ಕೆಂಡಾಮಂಡಲವಾಗಿ, ಆ ಪ್ರಯಾಣದ ವೆಚ್ಚವನ್ನು ಲೆಕ್ಕಹಾಕಿಸಿ ತಮ್ಮ ಸ್ವಂತ ಹಣದಿಂದ ಕಟ್ಟಿಸಿದರು. ಲೆಕ್ಕವು ಅಲ್ಪವೇ ಇರಬಹುದು. ಗುಮಾಸ್ತೆಯಾಗಿ ದುಡಿದವನು ಬಲ್ಲ, ಅಲ್ಪ ಲೆಕ್ಕದಲ್ಲಿಯೇ ಮನುಷ್ಯನ ಪರೀಕ್ಷೆಯಾಗುವುದೆಂದು.

ಸೆರೆಸಿಕ್ಕ ಮಗ

ಮಗನು ವಾಯುದಳವನ್ನು ಸೇರಿದನು. 1965ನೆಯ ಇಸವಿ ಸೆಪ್ಟೆಂಬರ 22. ಭಾರತ ಪಾಕಿಸ್ತಾನಗಳ ಯುದ್ಧವು ಕೊನೆಗಾಣಲು ಕೆಲವೇ ಗಂಟೆಗಳಿದ್ದುವು. ಅಂದು ನಂದಾ ಅವರ 'ಹಂಟರ್' ವಿಮಾನವು ಶತ್ರುವಿನ ಗುಂಡಿಗೆ ಆಹುತಿಯಾಯಿತು. ವಿಮಾನದಿಂದ ಹೊರಚಿಮ್ಮಿ ಬದುಕಿದರಾದರೂ ಬೆನ್ನೆಲುಬಿಗೆ ಪೆಟ್ಟುಬಿದ್ದು ಅವರು ಪಾಕಿಸ್ತಾನದ ಕೈಗೆ ಸೆರೆಸಿಕ್ಕರು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ಅವಿಭಕ್ತ ಭಾರತದ ಸೇನೆಯಲ್ಲಿ ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸಮಾಡಿದ್ದವರು. ಸೆರೆಯಾಳು ಯಾರ ಮಗನೆಂಬುದು ತಿಳಿದೊಡನೆ, ಆತನು ಕ್ಷೇಮವಾಗಿದ್ದಾನೆಂದೂ ತಂದೆಯು ಇಚ್ಛಿಸಿದರೆ ಬಿಡುಗಡೆಯನ್ನು ಪರಿಶೀಲಿಸಬಹುದೆಂದೂ ತಮ್ಮ ರಾಯಭಾರಿಯ ಮೂಲಕ ತಿಳಿಸಿದರು. ಹಳೆಯ ಅಧಿಕಾರಿಯ ಮೇಲಿನ ಗೌರವದ ಮಾತದು. ಅದರಲ್ಲಿ ಕಪಟವನ್ನು ಹುಡುಕಬೇಕಾಗಿಲ್ಲ.

ಕಾರ್ಯಪ್ಪನವರಿಗೆ ಆಗ ಅರುವತ್ತಾರು ವರ್ಷ. ಒಬ್ಬನೇ ಮಗ. 'ಹೂಂ' ಎಂದಿದ್ದರೆ ಯಾರೂ ಹಳಿಯುತ್ತಿರಲಿಲ್ಲ. ಅವರಾದರೋ, ಆತನು ಈಗ ತಮ್ಮ ಮಗನಲ್ಲ, ದೇಶಕ್ಕಾಗಿ ಹೋರಾಡಿದ ಸೈನಿಕ. ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಅವನಿಗೆ ವಿಶೇಷ ಉಪಚಾರ ಬೇಡ ಎಂಬರ್ಥದ ಉತ್ತರವನ್ನು ಕೊಟ್ಟರು. ಅಯೂಬರ ಪತ್ನಿಯು ಮಾತ್ರ ಸೌಜನ್ಯದಿಂದ ಸೆರೆಯಾಳನ್ನು ಕಂಡು ಬಂದರು. 1966ರ ಜನವರಿಯಲ್ಲಿ ಕೈದಿಗಳ ವಿನಿಮಯವಾದಾಗ, ನಂದಾ ಇತರರ ಜತೆಯಲ್ಲಿ ತಮ್ಮ ಸರದಿಯಲ್ಲಿಯೇ ಮರಳಿದರು. ಮುಂದೆ ಅವರು ಏರ್ ಮಾರ್ಷಲ್ ಪದವಿಗೆ ಏರಿದರು.

ಆ ನಾಲ್ಕು ತಿಂಗಳುಗಳನ್ನು ತಂದೆಯು ಹೇಗೆ ಕಳೆದಿರಬಹುದು? ಅದೇ ಡಿಸೆಂಬರದಲ್ಲಿ, ಸಂಯುಕ್ತ ರಾಷ್ಟ್ರಗಳ ಶಾಂತಿಸೇನೆಯನ್ನು ನಡೆಸುತ್ತಿದ್ದ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ ನಿಧನರಾದ ವಾರ್ತೆಯೂ ಬಂದಿತು. ಉತ್ತರವನ್ನು ಬರೆದು ಮುಗಿಸಿದವನಿಗೆ ಕೀರ್ತಿ ಬರುವುದು ಅನಂತರ. ಮೊದಲು ಬರುವುದು ಖಾಲಿ ಮನೆಯ ರಾತ್ರಿಗಳು. ವಾಚಕರಲ್ಲಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು, ಕಾಗದದ ದಾರಿ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಲವತ್ತು ವರ್ಷಗಳ ನಿವೃತ್ತಿ

1953ರ ಜನವರಿಯಲ್ಲಿ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ 1956ರವರೆಗೆ ಭಾರತದ ಹೈಕಮಿಷನರಾಗಿದ್ದು, ಆಮೇಲೆ ಮಡಿಕೇರಿಯ ಗುಡ್ಡದ ಮೇಲಿನ 'ರೋಶನಾರಾ' ಎಂಬ ಮನೆಯಲ್ಲಿ ನೆಲೆಸಿದರು. ದಿಲ್ಲಿಯಲ್ಲಿ ಬಂಗಲೆಯನ್ನು ಬೇಡಿ ಕುಳಿತಿರಬಹುದಾಗಿತ್ತು, ಊರಿಗೇ ಬಂದರು. ಸಮವಸ್ತ್ರದಲ್ಲಿ ಕಳೆದುದು ಮೂವತ್ತಮೂರು ವರ್ಷಗಳಾದರೆ, ಕಳಚಿದ ಬಳಿಕ ಬಾಳಿದುದು ನಲವತ್ತು ವರ್ಷ.

ಅದು ಆರಾಮಕುರ್ಚಿಯ ವಿಶ್ರಾಂತಿಯಾಗಿರಲಿಲ್ಲ. ನಿವೃತ್ತ ಯೋಧರ ಪುನರ್ವಸತಿಗಾಗಿ ಅವರು ದುಡಿದರು; ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯು ಹುಟ್ಟಿದುದು ಅವರ ಪ್ರಯತ್ನದಿಂದ. 1971ರಲ್ಲಿ ನಮ್ಮ ಮುಂಬಯಿ ಈಶಾನ್ಯ ಕ್ಷೇತ್ರದಿಂದಲೇ ಲೋಕಸಭೆಗೆ ಸ್ಪರ್ಧಿಸಿ ಸೋತರು. ರಣರಂಗದ ಗೆಲುವು ಮತಪೆಟ್ಟಿಗೆಯಲ್ಲಿ ನಡೆಯುವ ನಾಣ್ಯವಲ್ಲವೆಂಬುದು ಅವರಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಸೋತ ಮೇಲೆ ಪುನಃ ಮಡಿಕೇರಿ.

1986ರಲ್ಲಿ, ನಿವೃತ್ತಿಯಾಗಿ ಮೂವತ್ತಮೂರು ವರ್ಷಗಳಾದ ಬಳಿಕ, ಎಂಬತ್ತೇಳರ ಆ ವೃದ್ಧರಿಗೆ ಫೀಲ್ಡ್ ಮಾರ್ಷಲ್ ಪದವಿಯು ದೊರೆಯಿತು. ಭಾರತದಲ್ಲಿ ಈ ಪದವಿಯನ್ನು ಪಡೆದವರು ಇಬ್ಬರೇ, ಮತ್ತೊಬ್ಬರು ಮಾಣೆಕ್‌ಷಾ. 1993ರ ಮೇ 15ರಂದು ಬೆಂಗಳೂರಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಾರ್ಯಪ್ಪನವರು ಕಣ್ಮುಚ್ಚಿದರು. ಮಡಿಕೇರಿಯಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಮೂರು ದಳಗಳ ಮುಖ್ಯಸ್ಥರೊಡನೆ ಮಾಣೆಕ್‌ಷಾ ಅವರೂ ಬಂದಿದ್ದರು.

ನಮ್ಮ ಮನೆಗೆ, ನಮ್ಮ ಅಂಗಡಿಗೆ

ಅಷ್ಟು ದೊಡ್ಡವರ ಬಾಳಿಗೂ ನಮ್ಮಂತಹವರ ಬಾಳಿಗೂ ಏನು ಸಂಬಂಧವೆಂದು ಕೇಳಬಹುದು. ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತ ನಮಗೆ ಸಂಬಂಧವು ಸ್ಪಷ್ಟವಾಗಿ ಕಾಣುತ್ತದೆ. ಮುಂಬಯಿಯ ಉಡುಪಿ ಹೋಟೆಲುಗಳಿಗೆ ಒಂದು ಕಾಲದಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗರು ಊರನ್ನು ಬಿಟ್ಟು ಬರುತ್ತಿದ್ದರು. ತಂದೆಯು ದೂರ, ಯಜಮಾನನೇ ತಂದೆ. ಕೆಲವು ಯಜಮಾನರು ಆ ಹುಡುಗರನ್ನು ಸಂಜೆ ಕನ್ನಡ ರಾತ್ರಿಶಾಲೆಗೆ ಕಳುಹಿಸಿದರು. ಅಲ್ಲಿ ಕಲಿತವರೇ ಮುಂದೆ ಗುಮಾಸ್ತೆಗಳೂ ವಕೀಲರೂ ಹೋಟೆಲುಗಳ ಒಡೆಯರೂ ಆದರು. ಇನ್ನು ಕೆಲವರಿಗೆ ಸ್ವಂತ ಮಗನ ಪುಸ್ತಕವು ಕಂಡಿತು, ಲೋಟ ತೊಳೆಯುವವನ ಕೈ ಕಾಣಲಿಲ್ಲ.

ತನ್ನ ಮಗನನ್ನು ಪ್ರೀತಿಸುವುದಕ್ಕೆ ಯಾರ ಉಪದೇಶವೂ ಬೇಡ; ಹಕ್ಕಿಗೂ ಅದು ಬರುತ್ತದೆ. ಸಾಲಿನಲ್ಲಿ ನಿಂತಿರುವ ತನ್ನ ಮಗನನ್ನು ಮುಂದಕ್ಕೆ ಎಳೆಯುವ ಅವಕಾಶವು ಕೈಗೆ ಬಂದಾಗ ಕೈಯನ್ನು ಹಿಂದಕ್ಕಿಟ್ಟುಕೊಳ್ಳುವುದು ಕಷ್ಟ. ಮಡಿಕೇರಿಯ ಆ ತಂದೆಯು ಅದನ್ನು ಶಾಲೆಯ ಲಾರಿಯ ವಿಷಯದಲ್ಲಿ ಅಭ್ಯಾಸ ಮಾಡಿದ್ದರಿಂದಲೇ ಸೆರೆಮನೆಯ ವಿಷಯದಲ್ಲಿ ಮಾಡಬಲ್ಲವರಾದರು. ಮುಂದಿನ ಜನವರಿ 15ರಂದು ಸೇನೆಯ ಪಥಸಂಚಲನವನ್ನು ನೆನೆಯುವಾಗ, ನಮ್ಮ ವಾಚಕರು ಆ ಲಾರಿಯನ್ನೂ ಒಂದಿಷ್ಟು ನೆನೆಯಲಿ ಎಂದು ನಾವು ಹಾರೈಸುತ್ತೇವೆ.