ಒಂಬತ್ತೂ ಗೆದ್ದರು, ಯಾರೂ ಕರೆಯಲಿಲ್ಲ

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಆವರಣದಲ್ಲಿರುವ ಒಂದು ವಿದ್ಯಾರ್ಥಿನಿಲಯಕ್ಕೆ ಬಹುಕಾಲ ಫೀಲನ್ ಹಾಲ್ ಎಂಬ ಹೆಸರಿತ್ತು. ಜೇಮ್ಸ್ ಫೀಲನ್ ಆ ಊರಿನ ಮೇಯರ್ ಆಗಿದ್ದವರು, ಮುಂದೆ ಸೆನೆಟರ್ ಆದವರು. 1920ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾ ಬಿಳಿಯರದ್ದಾಗಿಯೇ ಉಳಿಯಬೇಕೆಂದು ಘೋಷಣೆ ಹಾಕಿಸಿ ಮತ ಕೇಳಿದವರು. ವಿದ್ಯಾರ್ಥಿಗಳು ಪಟ್ಟು ಹಿಡಿದ ಮೇಲೆ 2017ರಲ್ಲಿ ಆ ಹೆಸರು ಹೋಗಿ ಬರ್ಲ್ ಟೋಲರ್ ಹೆಸರು ಬಂತು. ಟೋಲರ್ ಅದೇ ವಿಶ್ವವಿದ್ಯಾಲಯದ 1951ರ ಅಮೆರಿಕನ್ ಫುಟ್‌ಬಾಲ್ ತಂಡದ ಕಪ್ಪು ವರ್ಣೀಯ ಆಟಗಾರ. ಡಾನ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಆ ತಂಡ ಆ ಋತುವಿನ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತು, ಆದರೆ ಋತುವಿನ ಕೊನೆಗೆ ತಂಡಗಳನ್ನು ಆಹ್ವಾನಿಸಿ ಆಡಿಸುವ ಹೊಸ ವರ್ಷದ ಯಾವ ಬೌಲ್ ಪಂದ್ಯಕ್ಕೂ ಅದಕ್ಕೆ ಕರೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ ಇಂದಿಗೂ ‘ಆ ಕಾಲವೇ ಹಾಗಿತ್ತು’ ಎಂಬ ಉತ್ತರ ಸಿಗುತ್ತದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಾಲ ಯಾರಿಗೂ ಆಮಂತ್ರಣ ಬರೆಯುವುದಿಲ್ಲ, ಆಮಂತ್ರಣ ತಡೆಯುವುದೂ ಇಲ್ಲ. ಅದನ್ನು ಮಾಡಿದ್ದು ಹೆಸರಿರುವ ಸಮಿತಿಗಳು, ಮತ್ತು ಆಗಲೇ ಅವುಗಳ ಮುಂದೆ ಬೇರೆ ದಾರಿಯೂ ಇತ್ತು.

ಮೊದಲು ಆಟದ ಲೆಕ್ಕ ನೋಡೋಣ. ಜೋ ಕುಹಾರಿಚ್ ತರಬೇತಿಯಲ್ಲಿ ಡಾನ್ಸ್ ತಂಡ ಸ್ಯಾನ್ ಹೋಸೆ ಸ್ಟೇಟ್ ಅನ್ನು 39–2ರಿಂದ ಸೋಲಿಸಿ ಋತು ಆರಂಭಿಸಿತು. ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ಎದುರು 32–26ರಲ್ಲಿ ಗೆದ್ದದ್ದೊಂದೇ ನಿಜವಾಗಿ ಬಿಗಿಯಾಗಿ ನಡೆದ ಪಂದ್ಯ. ಕೊನೆಗೆ ಪ್ಯಾಸಡೀನಾದಲ್ಲಿ ಲೊಯೊಲಾ ತಂಡವನ್ನು 20–2ರಿಂದ ಮಣಿಸಿತು. ಚೆಂಡು ಹಿಡಿದು ಓಡುವುದರಲ್ಲಿ ಆ ವರ್ಷ ದೇಶಕ್ಕೇ ಮೊದಲಿಗ ಆಲಿ ಮ್ಯಾಟ್ಸನ್. ಅವರು 1,566 ಯಾರ್ಡ್ ಓಡಿದರು, 21 ಟಚ್‌ಡೌನ್ ಗಳಿಸಿದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದ ಕಂಚು, ರಿಲೇಯಲ್ಲಿ ಬೆಳ್ಳಿ ತಂದವರೂ ಇವರೇ. ಮ್ಯಾಟ್ಸನ್, ಜೀನೊ ಮಾರ್ಕೆಟಿ, ಬಾಬ್ ಸೇಂಟ್ ಕ್ಲೇರ್ ಮೂವರೂ ಮುಂದೆ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು. ಒಂದೇ ಕಾಲೇಜು ತಂಡದಿಂದ, ಒಂದೇ ಋತುವಿನಿಂದ ಮೂವರು! ಹೀಗಿದ್ದೂ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಕೊನೆಯ ಶ್ರೇಯಾಂಕ ಪಟ್ಟಿಯಲ್ಲಿ ಈ ತಂಡಕ್ಕೆ ಸಿಕ್ಕಿದ್ದು 14ನೆಯ ಸ್ಥಾನ.

ಎದುರಾಳಿಗಳು ದುರ್ಬಲರಾಗಿದ್ದರು, ಅದಕ್ಕೇ ಕರೆಯಲಿಲ್ಲ ಎಂಬುದು ಹಳೆಯ ಸಮರ್ಥನೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಡಾನ್ಸ್ ಎದುರಿಸಿದವರಲ್ಲಿ ನೌಕಾಪಡೆಯ, ಮರೀನ್ ಪಡೆಯ ತಂಡಗಳೂ ಇದ್ದವು. ದೊಡ್ಡ ವಿಶ್ವವಿದ್ಯಾಲಯಗಳು ಡಾನ್ಸ್ ಜೊತೆ ಆಡಲು ದಿನಾಂಕ ಕೊಡುತ್ತಿರಲಿಲ್ಲ. ಆದರೆ ಆಗ ಈ ಬೌಲ್ ಪಂದ್ಯಗಳಿಗೆ ಲೀಗ್ ಕೋಷ್ಟಕವಿರಲಿಲ್ಲ, ಅರ್ಹತಾ ಸುತ್ತಿರಲಿಲ್ಲ. ಸಮಿತಿ ತನಗೆ ಬೇಕಾದ ಎರಡು ತಂಡಗಳನ್ನು ಕರೆದು ಆಡಿಸುತ್ತಿತ್ತು. ಆ ಸಲ ಯಾರನ್ನು ಕರೆದರು ಎಂಬುದೇ ಸಾಕ್ಷ್ಯ. ಗೇಟರ್ ಬೌಲ್ ಸಮಿತಿ ಮಯಾಮಿ ಮತ್ತು ಕ್ಲೆಮ್ಸನ್ ತಂಡಗಳನ್ನು ಕರೆಯಿತು. ಮಯಾಮಿ ಆ ಋತುವಿನಲ್ಲಿ ಮೂರು ಪಂದ್ಯ ಸೋತಿತ್ತು, ಕ್ಲೆಮ್ಸನ್ ಎರಡು. ಸಾಲದ್ದಕ್ಕೆ ಇವೆರಡೂ ಸರಿಯಾಗಿ ಒಂದು ವರ್ಷದ ಹಿಂದೆ ಆರೆಂಜ್ ಬೌಲ್‌ನಲ್ಲಿ ಎದುರುಬದುರಾಗಿ ಆಡಿದ್ದವು. ಆರೆಂಜ್ ಬೌಲ್‌ಗೆ ಜಾರ್ಜಿಯಾ ಟೆಕ್ ಮತ್ತು ಬೇಲರ್ ಹೋದವು, ಶುಗರ್ ಬೌಲ್‌ಗೆ ಮೇರಿಲ್ಯಾಂಡ್ ಮತ್ತು ಟೆನೆಸಿ. ಮೂರು ಬೌಲ್‌ಗಳ ಈ ಆರು ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಡಾನ್ಸ್ ತಂಡದಲ್ಲಿ ಇಬ್ಬರಿದ್ದರು: ಮ್ಯಾಟ್ಸನ್ ಮತ್ತು ಟೋಲರ್. ಅವರಿಬ್ಬರನ್ನು ಮನೆಯಲ್ಲೇ ಬಿಟ್ಟು ಬರುವುದಾದರೆ ಕರೆಯಬಹುದು ಎಂಬ ಸೂಚನೆ ಬಂತು, ತಂಡ ಒಕ್ಕೊರಲಿನಿಂದ ಒಲ್ಲೆ ಎಂದಿತು ಎಂದು ಆ ತಂಡದ ಆಟಗಾರರು ಜೀವನಪೂರ್ತಿ ಹೇಳುತ್ತ ಬಂದರು. ಊಟಕ್ಕೆ ಕರೆದು ಇಬ್ಬರನ್ನು ಪಂಕ್ತಿಯಿಂದ ಎಬ್ಬಿಸಿದರೆ ಉಳಿದವರು ಎಲೆ ಮುಂದೆ ಕೂತಿರುತ್ತಾರೆಯೇ? ಇನ್ನೊಂದು ಮಾತು. ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಸ್‌ನ ಟ್ರಿನಿಟಿಯಲ್ಲಿ, ಟೋಲರ್ ಟೆನೆಸಿಯ ಮೆಂಫಿಸ್‌ನಲ್ಲಿ. ಅವರಿಗೆ ಬಾಗಿಲು ಮುಚ್ಚಿದ್ದು ಅವರು ಹುಟ್ಟಿದ ದಕ್ಷಿಣವೇ.

ದುರ್ಬಲ ಎದುರಾಳಿಗಳ ವಾದಕ್ಕೂ ‘ಕಾಲ ಹಾಗಿತ್ತು’ ಎಂಬ ವಾದಕ್ಕೂ ಏಕಕಾಲಕ್ಕೆ ಉತ್ತರ ಕೊಡುವ ಸಂಗತಿ ಇನ್ನೊಂದಿದೆ. ಡಾನ್ಸ್ ಸೋಲಿಸಿದವರಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ಒಂದು, ಅಂತರ 47–14. ಹಾಗೆ ಸೋತ ಪೆಸಿಫಿಕ್ ತಂಡಕ್ಕೆ ಟೆಕ್ಸಸ್‌ನ ಎಲ್ ಪ್ಯಾಸೊದಲ್ಲಿ ನಡೆಯುವ ಸನ್ ಬೌಲ್‌ನಿಂದ ಕರೆ ಬಂತು. ಅದರ ತಂಡದಲ್ಲಿ ಎಡ್ಡಿ ಮೇಕನ್ ಎಂಬ ಕಪ್ಪು ಆಟಗಾರನೂ ಇದ್ದರು! ಮೂರೇ ವರ್ಷದ ಹಿಂದೆ ಇದೇ ಸನ್ ಬೌಲ್, ಲಫಾಯೆಟ್ ಕಾಲೇಜಿನ ಡೇವಿಡ್ ಶೋವೆಲ್ ಕಪ್ಪು ವರ್ಣೀಯ ಎಂಬ ಕಾರಣಕ್ಕೆ ಅವರನ್ನು ಆಡಿಸಲು ಒಪ್ಪಿರಲಿಲ್ಲ, ಆ ಕಾಲೇಜು ಆಮಂತ್ರಣವನ್ನೇ ತಿರಸ್ಕರಿಸಿತ್ತು. ಅಂದರೆ ಒಂದು ಸಮಿತಿ ಮೂರು ವರ್ಷದಲ್ಲಿ ಬದಲಾಗಿತ್ತು. ಡಲ್ಲಾಸ್‌ನ ಕಾಟನ್ ಬೌಲ್ 1948ರಲ್ಲೇ ಪೆನ್ ಸ್ಟೇಟ್ ತಂಡವನ್ನು ಅದರ ಇಬ್ಬರು ಕಪ್ಪು ಆಟಗಾರರೊಡನೆ ಕರೆಸಿಕೊಂಡಿತ್ತು. ತಂಡ ಉಳಿದುಕೊಂಡದ್ದು ನೌಕಾಪಡೆಯ ನೆಲೆಯಲ್ಲಿ, ಆದರೂ ಪಂದ್ಯ ನಡೆಯಿತು. ಆ ಕಾಲದ ಕ್ರೌರ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಇದೇ 1951ರ ಅಕ್ಟೋಬರ್‌ನಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಆಟಗಾರ ಜಾನಿ ಬ್ರೈಟ್ ಅವರ ದವಡೆಯನ್ನು ಒಕ್ಲಹೋಮದ ಮೈದಾನದಲ್ಲಿ ಎದುರಾಳಿ ಗುದ್ದಿ ಮುರಿದ; ಆ ದೃಶ್ಯದ ಸರಣಿ ಚಿತ್ರಗಳಿಗೆ ಪುಲಿಟ್ಜರ್ ಬಂತು. ಆದರೆ ಟೆಕ್ಸಸ್‌ನ ಎರಡು ಊರುಗಳು ಮಾಡಿದ್ದನ್ನು ಆರೆಂಜ್, ಗೇಟರ್ ಬೌಲ್ ನಡೆಸುತ್ತಿದ್ದ ಫ್ಲೋರಿಡಾದ ಎರಡು ಊರುಗಳೂ ಶುಗರ್ ಬೌಲ್ ನಡೆಸುತ್ತಿದ್ದ ನ್ಯೂ ಆರ್ಲಿಯನ್ಸ್ ಕೂಡ ಮಾಡಬಹುದಿತ್ತು. ಮಾಡಲಿಲ್ಲ.

ಈ ತಂಡದ ಕಥೆಯಲ್ಲಿ ಆಟಗಾರರಷ್ಟೇ ನನ್ನನ್ನು ಸೆಳೆಯುವವರು ಆಡದ ಒಬ್ಬರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಕ್ರೀಡಾ ವಿಭಾಗದ ಸುದ್ದಿಗಳನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸದಲ್ಲಿದ್ದ ಇಪ್ಪತ್ತೈದರ ಯುವಕ ಪೀಟ್ ರೋಝೆಲ್. ಮ್ಯಾಟ್ಸನ್ ಹೆಸರು ದೇಶದ ಕ್ರೀಡಾ ಪುಟಗಳಲ್ಲಿ ಕಾಣಿಸುವಂತೆ ಮಾಡುವುದು ಇವರ ಕೆಲಸವಾಗಿತ್ತು. ಎಂಟು ವರ್ಷ ಕಳೆದು, 1959ರಲ್ಲಿ, ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಇದೇ ರೋಝೆಲ್ ಮ್ಯಾಟ್ಸನ್ ಒಬ್ಬರಿಗಾಗಿ ಒಂಬತ್ತು ಆಟಗಾರರನ್ನು ಬಿಟ್ಟುಕೊಟ್ಟರು. ಮರುವರ್ಷ ರೋಝೆಲ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಕಮಿಷನರ್ ಆದರು, 1989ರವರೆಗೂ ಆ ಹುದ್ದೆಯಲ್ಲಿದ್ದರು. ಟೋಲರ್ ಬದುಕು ಬೇರೆ ಹಾದಿ ಹಿಡಿಯಿತು. 1952ರ ಕಾಲೇಜ್ ಆಲ್‌ಸ್ಟಾರ್ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು ಅವರ ಆಟ ಅಲ್ಲಿಗೇ ಮುಗಿಯಿತು. ಮೇಷ್ಟರಾದರು, ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಯೊಂದರ ಪ್ರಾಂಶುಪಾಲರಾದರು. 1965ರಲ್ಲಿ, ರೋಝೆಲ್ ಕಮಿಷನರ್ ಆಗಿದ್ದಾಗಲೇ, ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ಪಂದ್ಯಾಧಿಕಾರಿಯಾಗಿ ಮೈದಾನಕ್ಕಿಳಿದರು. 25 ಋತುಗಳ ಕಾಲ ದುಡಿದರು, 1980ರ ಸೂಪರ್ ಬೌಲ್‌ನಲ್ಲೂ ಅಧಿಕಾರಿಯಾಗಿದ್ದರು. ಗೆಳೆತನದ ಪ್ರಭಾವ ಎಂದು ಯಾರಾದರೂ ಅನುಮಾನಿಸಬಹುದು. ಆಗಲಿ, ಆದರೆ ಗೆಳೆತನದಿಂದ ಕೆಲಸ ಸಿಕ್ಕೀತೇ ಹೊರತು ಸಾವಿರಾರು ಕಣ್ಣುಗಳ ಮುಂದೆ 25 ಋತು ತೀರ್ಪು ಕೊಡುವುದು ಆಗದ ಮಾತು.

ಬೌಲ್ ತಪ್ಪಿದ್ದರಿಂದಲೇ ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ನಿಂತಿತು ಎಂಬ ಮಾತನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಋತು ಮುಗಿದ ಮೇಲೆ ತಂಡ ವಿಸರ್ಜನೆಯಾದದ್ದು ನಿಜ. ಆದರೆ ಪಶ್ಚಿಮ ತೀರದ ಸಣ್ಣ ಕ್ಯಾಥೊಲಿಕ್ ಕಾಲೇಜುಗಳೆಲ್ಲ ಫುಟ್‌ಬಾಲ್ ವೆಚ್ಚ ತಡೆಯಲಾರದೆ ಕೈಚೆಲ್ಲುತ್ತಿದ್ದ ವರ್ಷಗಳವು. ಸೇಂಟ್ ಮೇರೀಸ್ ಅದಕ್ಕೂ ಮೊದಲೇ ನಿಲ್ಲಿಸಿತ್ತು, ಲೊಯೊಲಾ ಅದೇ ವರ್ಷ, ಸಾಂತಾ ಕ್ಲಾರಾ ಮರುವರ್ಷ ನಿಲ್ಲಿಸಿದವು. ಬೌಲ್ ಹಣ ಬಂದಿದ್ದರೆ ಉಸಿರಾಡಲು ಒಂದಷ್ಟು ಕಾಲ ಸಿಗುತ್ತಿತ್ತೇನೋ. ಹಣದ ಅಷ್ಟು ಅಗತ್ಯವಿದ್ದ ಕಡೆಯಲ್ಲೇ ಆ ಹುಡುಗರು ಬೇಡವೆಂದರು ಎಂಬುದು ಅವರ ನಿರ್ಧಾರದ ತೂಕವನ್ನು ಹೆಚ್ಚಿಸುತ್ತದೆ.

2000ದಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಈ ತಂಡವನ್ನು ಗೌರವಿಸುವ ನಿರ್ಣಯ ಬಂತು, 2006ರಲ್ಲಿ ವಿಶ್ವವಿದ್ಯಾಲಯ ಆಟಗಾರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಎರಡೂ ಸಲ್ಲಬೇಕಾದದ್ದೇ. ಆದರೆ ಈ ಕಥೆ ಹೇಳುವಾಗಲೆಲ್ಲ ಮ್ಯಾಟ್ಸನ್, ಟೋಲರ್, ಮಾರ್ಕೆಟಿ ಎಂದು ಹೆಸರು ಹಿಡಿದು ಹೊಗಳುವವರು ಕರೆಯದಿದ್ದವರನ್ನು ಮಾತ್ರ ‘ಆ ಕಾಲ’ ಎಂಬ ಒಂದೇ ಪದದ ಹಿಂದೆ ಅಡಗಿಸಿಬಿಡುತ್ತಾರೆ. ಮುಂದೆ ಯಾರಾದರೂ ಈ ಋತುವಿನ ಬಗ್ಗೆ ಬರೆದರೆ ಆರೆಂಜ್, ಶುಗರ್, ಗೇಟರ್ ಬೌಲ್‌ಗಳ 1951ರ ಸಮಿತಿಗಳ ಹೆಸರನ್ನೂ ಅದೇ ಪುಟದಲ್ಲಿ ಬರೆಯಲಿ.